ಅರ್ಥ ಆಗದ ಚಿತ್ರ ನೋಡಿದ್ರೆ ದಿನಾ ಹತ್ತೋ ಲೋಕಲ್ ಟ್ರೈನ್ ಹೊಸದಾಗಿ ಕಾಣುತ್ತಾ?

ಪ್ರಶ್ನೆ: ಡೊಂಬಿವಲಿಯಲ್ಲಿ ಮನೆ, ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ. ಮದುವೆಯಾಗಿ ಮುಂಬೈಗೆ ಬಂದಾಗಿಂದ ಅದೇ ಟ್ರೈನು, ಅದೇ ಅಡುಗೆಮನೆ, ದಿನ ಹೇಗೆ ಹೋಗುತ್ತೆ ಅನ್ನೋದೇ ಗೊತ್ತಾಗಲ್ಲ. ಮೊನ್ನೆ ಮಗಳ ಜೊತೆ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿದ್ದೆ. ಎಲ್ಲಾ ಅಬ್‌ಸ್ಟ್ರಾಕ್ಟ್, ಬರೀ ಬಣ್ಣ. 'ಈ ಚಿತ್ರಗಳು ದಿನನಿತ್ಯದ ರೂಢಿಗಳನ್ನು ಹೊಸ ಕಣ್ಣಿನಿಂದ ನೋಡಲು ಕಲಿಸುತ್ತವೆ' ಅಂತ ಗೋಡೆಗೆ ಒಂದು ಹಾಳೆ ಅಂಟಿಸಿದ್ರು. ಇದು ನಿಜವಾ, ಇಲ್ಲಾ ಸುಮ್ನೆ ದೊಡ್ಡ ಮಾತಾ? ಒಂದು ಪ್ರಿಂಟ್ ತಂದು ಹಾಲ್‌ನಲ್ಲಿ ಹಾಕಿದ್ರೆ ಸಾಕಾ? ಮಗಳು 'ಇದೇನಮ್ಮಾ' ಅಂತ ಕೇಳಿದ್ಲು, ನಂಗೆ ಉತ್ತರ ಬರ್ಲಿಲ್ಲ.

ಉತ್ತರ:

ಮೇಡಂ, ಗೋಡೆಗೆ ಅಂಟಿಸಿದ ಆ ಹಾಳೆನ ಮೊದಲು ಪಕ್ಕಕ್ಕಿಡಿ. ಅದನ್ನ ಎಷ್ಟೋ ಸಲ ಚಿತ್ರ ಮಾಡಿದವರೇ ಬರೆದಿರಲ್ಲ, ಓಪನಿಂಗ್‌ಗೆ ಮುಂಚಿನ ದಿನ ಯಾರಿಗೋ ಫೋನ್ ಮಾಡಿ 'ಒಂದು ಪ್ಯಾರಾ ಬರ್ಕೊಡಿ ಮಾರಾಯ್ರೆ' ಅಂತ ಗೋಗರೆದು ತರಿಸಿರ್ತಾರೆ, ಅದಕ್ಕೇ ಅದು ಯಾವ ಶೋಗೆ ಅಂಟಿಸಿದ್ರೂ ಹೊಂದುತ್ತೆ. ಆದ್ರೆ ವಿಷಯ ಪೂರ್ತಿ ಬುರುಡೆ ಅಂತ ಹೇಳೋಕಾಗಲ್ಲ. 'ಕಲಿಸುತ್ತೆ' ಅನ್ನೋದು ಜಾಸ್ತಿ ಆಯ್ತು. ನಾನು ಇಷ್ಟು ಕಾಲ ಚಿತ್ರ ಮಾಡ್ತಾ, ಹುಡುಗ್ರಿಗೆ ಹೇಳ್ಕೊಡ್ತಾ ಕಂಡುಕೊಂಡಿದ್ದು ಏನಂದ್ರೆ, ಅಬ್‌ಸ್ಟ್ರಾಕ್ಟ್ ಚಿತ್ರ ನಮ್ಮ ಕಣ್ಣಿಂದ ಹೆಸರನ್ನ ಕಿತ್ಕೊಳ್ಳುತ್ತೆ. ಮರ, ಹಸು, ದೇವಸ್ಥಾನ, ಯಾವ ಹೆಸರೂ ಸಿಗದೆ ಹೋದಾಗ ಕಣ್ಣು ಬೇರೆ ದಾರಿ ಇಲ್ದೆ ನೋಡೋ ಕೆಲಸಕ್ಕೆ ಇಳಿಯುತ್ತೆ. ಹಾಗೆ ಕೆಲಸಕ್ಕಿಳಿದ ಕಣ್ಣು ಗ್ಯಾಲರಿಯಿಂದ ಹೊರಗೆ ಬಂದ ತಕ್ಷಣ ಮಲಗಿಬಿಡಲ್ಲ, ಸ್ವಲ್ಪ ಹೊತ್ತು ಎಚ್ಚರ ಇರುತ್ತೆ. ಎಷ್ಟು ಹೊತ್ತು ಅಂದ್ರೆ ನೀವು ಒಳಗೆ ಎಷ್ಟು ಹೊತ್ತು ನಿಂತಿದ್ರಿ ಅನ್ನೋದರ ಮೇಲೆ.

ಒಂದು ಪರೀಕ್ಷೆ ಮಾಡೋಣ. ನೀವು ಬ್ಯಾಂಕಿನವರು, ಸುಲಭ ಆಗ್ಬೇಕು ನಿಮಗೆ. ಪರ್ಸ್ ತೆಗೀದೆ ಹೇಳಿ, 10 ರೂಪಾಯಿ ನಾಣ್ಯದಲ್ಲಿ ಹಳದಿ ಇರೋದು ಹೊರಗಿನ ಉಂಗುರವಾ, ನಡುವಿನ ಬಿಲ್ಲೆಯಾ? 20 ರೂಪಾಯಿದರಲ್ಲಿ? ಹತ್ತರದ್ದರಲ್ಲಿ ಹೊರಗೆ ಹಳದಿ ನಡುವೆ ಬಿಳಿ, ಇಪ್ಪತ್ತರದ್ದರಲ್ಲಿ ಪೂರಾ ಉಲ್ಟಾ, ಮೇಲಿಂದ ಇಪ್ಪತ್ತರದ್ದು ದುಂಡಗೇ ಇಲ್ಲ, ಹನ್ನೆರಡು ಮೂಲೆ ಇದೆ. ಆಟೋದವರಿಗೆ ಚಿಲ್ಲರೆ ಕೊಡುವಾಗ ಬೆರಳು ಒಂದು ಸಲಾನೂ ತಪ್ಪಲ್ಲ, ಕೇಳಿದ್ರೆ ಮಾತ್ರ ಬಾಯಿ ತಡವರಿಸುತ್ತೆ. 1979ರಲ್ಲಿ ಅಮೆರಿಕದ ರೇಮಂಡ್ ನಿಕರ್ಸನ್, ಮೆರಿಲಿನ್ ಆಡಮ್ಸ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಅವರ ಪೆನ್ನಿ ನಾಣ್ಯದ ಮೇಲೆ ಮಾಡಿ ನೋಡಿದ್ರು. ಹುಟ್ಟಿದಾಗಿಂದ ಕೈಯಲ್ಲಿ ಆಡಿಸಿದ ನಾಣ್ಯ, ನೆನಪಿಂದ ಬರೀರಿ ಅಂದ್ರೆ ಲಿಂಕನ್ ಮುಖ ಯಾವ ಕಡೆ ತಿರುಗಿದೆ, ಅಕ್ಷರ ಎಲ್ಲೆಲ್ಲಿದೆ ಅನ್ನೋದೇ ಬಹಳ ಜನಕ್ಕೆ ಬರ್ಲಿಲ್ಲ, ಅಸಲಿ ಚಿತ್ರವನ್ನ ನಕಲಿಗಳ ಜೊತೆ ಇಟ್ಟು ಗುರುತಿಸಿ ಅಂದ್ರೂ ಅರ್ಧಕ್ಕಿಂತ ಹೆಚ್ಚು ಜನ ತಪ್ಪಿದ್ರು. ಕಣ್ಣು ಮಂದ ಅಂತಲ್ಲ. ಇದು ಪೆನ್ನಿ ಅಂತ ಗೊತ್ತಾಗೋಕೆ ಎಷ್ಟು ಬೇಕೋ ಅಷ್ಟು ನೋಡಿ ಬಿಟ್ಟುಬಿಡ್ತೀವಿ, ಉಳಿದದ್ದು ಕಣ್ಣ ಮುಂದಿದ್ರೂ ಒಳಗೆ ಇಳಿಯಲ್ಲ.

ರೂಢಿ ಅನ್ನೋದು ಇದೇ. ಮನೆ ಬೀಗ ಹಾಕಿ ಸ್ಟೇಷನ್ ತನಕ ಬಂದ ಮೇಲೆ 'ಗ್ಯಾಸ್ ಆಫ್ ಮಾಡಿದ್ನಾ' ಅಂತ ಹೊಟ್ಟೆಯಲ್ಲಿ ಒಂದು ಸಂಕಟ ಏಳುತ್ತಲ್ಲ, ಟಾಲ್‌ಸ್ಟಾಯ್‌ಗೂ ಅದು ಬಂದಿತ್ತು. 1897ರ ಡೈರಿಯಲ್ಲಿ ಬರ್ಕೊಂಡಿದ್ದಾರೆ, ಕೋಣೆ ಧೂಳು ಒರೆಸ್ತಾ ಒರೆಸ್ತಾ ಸೋಫಾ ಹತ್ರ ಬಂದ್ರಂತೆ, ಅದನ್ನ ಒರೆಸಿ ಆಯ್ತಾ ಇಲ್ವಾ ಅನ್ನೋದು ನೆನಪೇ ಬರ್ಲಿಲ್ಲವಂತೆ. ಒರೆಸಿದ್ದು ಅರಿವಿಲ್ದೆ ಆಗಿದ್ರೆ ಒರೆಸದೇ ಇದ್ದಹಾಗೇ ಆಯ್ತಲ್ಲ, ಹೀಗೇ ಎಷ್ಟೋ ಜನರ ಇಡೀ ಬದುಕು ಅರಿವಿಲ್ದೆ ಕಳೆದುಹೋದ್ರೆ ಅದು ಇರಲೇ ಇಲ್ಲ ಅಂದಹಾಗೆ, ಅನ್ನೋ ತನಕ ಅವರ ಯೋಚನೆ ಹೋಗುತ್ತೆ. ಇಪ್ಪತ್ತು ವರ್ಷ ಆದ್ಮೇಲೆ, 1917ರಲ್ಲಿ, ವಿಕ್ಟರ್ ಶ್ಕ್ಲೋವ್‌ಸ್ಕಿ ಅನ್ನೋ ರಷ್ಯನ್ ವಿಮರ್ಶಕ ಈ ಡೈರಿ ಮಾತನ್ನೇ ಎತ್ಕೊಂಡು, ಕಲೆ ಇರೋದೇ ಪರಿಚಿತ ವಸ್ತುವನ್ನ ಅಪರಿಚಿತ ಮಾಡೋಕೆ, ಕಲ್ಲು ಮತ್ತೆ ಕಲ್ಲಿನ ಹಾಗೆ ಅನುಭವಕ್ಕೆ ಬರೋಕೆ ಅಂತ ವಾದ ಹೂಡಿದ. ನಿಮ್ಮ ಗ್ಯಾಲರಿ ಹಾಳೆಯ ಮುತ್ತಜ್ಜ ಈ ವಾದ. ಅವನು ಹೇಳಿದ್ದು ಸಾಹಿತ್ಯದ ಬಗ್ಗೆ, ನಮ್ಮವರು ಎಲ್ಲದಕ್ಕೂ ಅಂಟಿಸಿದ್ರು.

ಇಲ್ಲಿ ರೂಢಿಯ ಪರವಾಗಿಯೂ ಒಂದು ಮಾತು ಹೇಳ್ಬೇಕು, ಯಾಕಂದ್ರೆ ಕಲಾವಿದರು ಇದನ್ನ ಬೈಯೋದು ಜಾಸ್ತಿ. ಬೆಳಿಗ್ಗೆ ಒಂಬತ್ತಕ್ಕೆ ದಾದರ್ ಬ್ರಿಡ್ಜ್ ಮೇಲೆ ನಿಂತು ನೀವು ಪ್ರತಿ ಮೆಟ್ಟಿಲನ್ನೂ ಹೊಸ ಕಣ್ಣಿಂದ ನೋಡ್ತೀನಿ ಅಂದ್ರೆ ಹಿಂದಿನವರು ನಿಮ್ಮನ್ನ ತುಳ್ಕೊಂಡೇ ಹೋಗ್ತಾರೆ. ರೂಢಿ ಇರೋದಕ್ಕೇ ನಾವು ಒಗ್ಗರಣೆ ಹಾಕ್ತಾ ಫೋನಲ್ಲಿ ಮಾತಾಡಿ ಮಗುವಿನ ಹೋಂವರ್ಕ್‌ಗೂ ಕಣ್ಣು ಹಾಯಿಸ್ತೀವಿ. ಕಣ್ಣಿನ ಕಟ್ಟೋಣವೇ ಹಾಗಿದೆ. 1804ರಲ್ಲಿ ಟ್ರಾಕ್ಸ್‌ಲರ್ ಅನ್ನೋ ಸ್ವಿಸ್ ವೈದ್ಯ ಗಮನಿಸಿದ್ದು, ಒಂದೇ ಚುಕ್ಕಿಯನ್ನ ಕಣ್ಣು ಅಲ್ಲಾಡಿಸ್ದೆ ನೋಡ್ತಾ ಇದ್ರೆ ಅಂಚಲ್ಲಿರೋ ವಸ್ತುಗಳು ಮಸುಕಾಗಿ ಮಾಯ ಆಗ್ತವೆ. ಬದಲಾಗದೇ ಇರೋದನ್ನ ನರಗಳು ಸುದ್ದಿ ಅಂತ ಮೇಲಕ್ಕೆ ಕಳಿಸೋದೇ ನಿಲ್ಲಿಸ್ತವೆ. ಹತ್ತಾರು ವರ್ಷದ ರೂಢಿಯೂ ಕಣ್ಣಿನ ಈ ಆಟವೂ ಒಂದೇ ಅಂತಲ್ಲ, ಆದ್ರೆ ದೂರದ ಸಂಬಂಧಿಗಳು. ಹಾಗಾಗಿ ರೂಢಿಯನ್ನ ಮುರೀಬೇಕು ಗಿರೀಬೇಕು ಅನ್ನೋ ಮಾತೆಲ್ಲ ಬೇಡ, ಆಗಾಗ ಒಂದು ಕಿಟಕಿ ತೆಗೆದ್ರೆ ಸಾಕು.

ಕಿಟಕಿ ತೆಗೆದ ಕತೆ ಅಂದ್ರೆ ನನಗೆ ರಷ್ಯನ್ ಪೇಂಟರ್ ಕಾಂಡಿನ್‌ಸ್ಕಿ ನೆನಪಾಗ್ತಾರೆ. ಆಗಿನ್ನೂ ಅವರು ಪೇಂಟರ್ ಅಲ್ಲ, ಲಾ ಓದಿದ ಮನುಷ್ಯ, ವಯಸ್ಸು ಮೂವತ್ತರ ಹತ್ರ. ಮಾಸ್ಕೋದಲ್ಲಿ ಫ್ರೆಂಚ್ ಚಿತ್ರಗಳ ಪ್ರದರ್ಶನಕ್ಕೆ ಹೋಗಿ ಮೋನೆ ಅನ್ನೋ ಫ್ರೆಂಚ್ ಪೇಂಟರ್ ಬರೆದ ಒಂದು ಹುಲ್ಲಿನ ಬಣವೆ ಚಿತ್ರದ ಮುಂದೆ ನಿಂತ್ರು, ಅದು ಹುಲ್ಲಿನ ಬಣವೆ ಅನ್ನೋದೇ ತಿಳೀಲಿಲ್ಲ, ಕ್ಯಾಟಲಾಗ್ ನೋಡಿದ ಮೇಲೇ ಗೊತ್ತಾಗಿದ್ದು. ಮೊದಲು ಕಸಿವಿಸಿ ಆಯ್ತಂತೆ, ಇಷ್ಟು ಅಸ್ಪಷ್ಟವಾಗಿ ಬರೆಯೋ ಹಕ್ಕು ಪೇಂಟರ್‌ಗೆ ಇಲ್ಲ ಅನ್ನಿಸ್ತಂತೆ. ಆದ್ರೆ ಮನೆಗೆ ಹೋದ ಮೇಲೂ ಆ ಚಿತ್ರ ತಲೆಯಿಂದ ಹೋಗ್ತಾನೇ ಇಲ್ಲ, ಎಲ್ಲಾ ವಿವರದ ಸಮೇತ ಕಣ್ಣ ಮುಂದೆ ಬಂದು ನಿಲ್ಲುತ್ತೆ. 1896ರಲ್ಲಿ ಅವರು ಎಲ್ಲಾ ಬಿಟ್ಟು ಮ್ಯೂನಿಕ್‌ಗೆ ಚಿತ್ರ ಕಲಿಯೋಕೆ ಹೊರಟರು. ಅಬ್‌ಸ್ಟ್ರಾಕ್ಟ್ ಚಿತ್ರಕಲೆಯ ದೊಡ್ಡ ಹೆಸರೇ ಮೊದಲ ದಿನ ನಿಮ್ಮ ಹಾಗೇ ಸಿಡಿಮಿಡಿ ಮಾಡ್ಕೊಂಡಿತ್ತು ಅನ್ನೋದು ನನಗಂತೂ ಸಮಾಧಾನ ಕೊಡೋ ವಿಷಯ.

ನನಗೆ ಅರ್ಥ ಆಗಲ್ಲ ಅಂತ ನೀವು ಕೈ ಚೆಲ್ಲೋ ಮುಂಚೆ ಒಂದ್ಸಲ ಯೋಚನೆ ಮಾಡಿ, ಹಿಂದ್‌ಮಾತಾದಲ್ಲಿ ಸೀರೆ ಅಂಗಡಿ ಗಾದಿ ಮೇಲೆ ಕೂತಾಗ ನೀವು ಏನು ಮಾಡ್ತೀರಿ? ಒಡಲಿನ ಬಣ್ಣ ಹಿಡಿಸ್ತು ಆದ್ರೆ ಅಂಚು ಸ್ವಲ್ಪ ದಪ್ಪ ಆಯ್ತು, ಈ ಹಸಿರಿಗೆ ಆ ಕೆಂಪು ಕೂಗುತ್ತೆ, ಸೆರಗಲ್ಲಿ ಏನೋ ಜಾಸ್ತಿ ಆಗಿದೆ, ಬೆಳಕಿಗೆ ಹಿಡೀರಿ ಒಂದ್ಸಲ, ಅಂತೀರಿ. ಈ ಸೀರೆಯ ಅರ್ಥ ಏನು ಅಂತ ಯಾರೂ ಕೇಳಲ್ಲ. ನಮ್ಮ ಇಳಕಲ್ ಸೀರೆಯ ಸೆರಗಲ್ಲಿ ಕೆಂಪಿನ ಮೇಲೆ ಬಿಳಿ ತೆನೆ ಸಾಲುಗಳು ಬರ್ತವಲ್ಲ, ಕೆಂಪು ಎಷ್ಟು ಬಿಳಿ ಎಷ್ಟು ಅನ್ನೋ ಲೆಕ್ಕ ಸ್ವಲ್ಪ ಆಚೀಚೆ ಆದ್ರೂ ನಮ್ಮಮ್ಮನ ಕಾಲದ ಹೆಂಗಸರಿಗೆ ತಕ್ಷಣ ಗೊತ್ತಾಗ್ತಿತ್ತು. ಜೋಸೆಫ್ ಆಲ್ಬರ್ಸ್ ಅನ್ನೋ ಪೇಂಟರ್ 1950ರಿಂದ ಸಾಯೋ ತನಕ ಚೌಕದೊಳಗೆ ಚೌಕ, ಚೌಕದೊಳಗೆ ಚೌಕ ಅಂತ ನೂರಾರು ಚಿತ್ರ ಮಾಡಿದ್ರು, ಒಂದೇ ಬಣ್ಣ ಪಕ್ಕದ ಬಣ್ಣ ಬದಲಾದ್ರೆ ಬೇರೇನೇ ಬಣ್ಣ ಆಗಿ ಕಾಣುತ್ತೆ ಅನ್ನೋದನ್ನ ತೋರ್ಸೋಕೆ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸೋರಿಗೆ ಇದು ಹೊಸ ಸುದ್ದಿ ಅಲ್ಲ. ನಿಮ್ಮ ಹತ್ರ ಆ ಕಣ್ಣು ಈಗಾಗ್ಲೇ ಇದೆ, ಗ್ಯಾಲರಿ ಬಾಗಿಲಲ್ಲಿ ಚಪ್ಪಲಿ ಜೊತೆ ಅದನ್ನೂ ಬಿಟ್ಟು ಒಳಗೆ ಹೋಗ್ತೀರಿ ಅಷ್ಟೇ. ಅಂದಹಾಗೆ ಪ್ರಭಾಕರ ಬರ್ವೆ ಅನ್ನೋ ಮುಂಬೈ ಪೇಂಟರ್ ಚಿತ್ರ ಮಾಡೋದರ ಜೊತೆಗೆ ಹೊಟ್ಟೆಪಾಡಿಗೆ ದುಡಿದಿದ್ದೂ ಸರ್ಕಾರದ ವೀವರ್ಸ್ ಸರ್ವಿಸ್ ಸೆಂಟರ್‌ನಲ್ಲೇ, ನೇಕಾರರಿಗೆ ಡಿಸೈನ್ ಮಾಡ್ಕೊಡೋ ಕಡೆ.

ಮುಂಬೈಯಲ್ಲೇ ಇದ್ದೀರಿ ಅಂದ್ಮೇಲೆ ಗಾಯತೊಂಡೆ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಅಬ್‌ಸ್ಟ್ರಾಕ್ಟ್ ಪೇಂಟರ್ ವಾಸುದೇವ ಗಾಯತೊಂಡೆ, ಹುಟ್ಟಿದ್ದು 1924ರಲ್ಲಿ ನಾಗ್ಪುರದಲ್ಲಿ, ಅಪ್ಪ ಅಮ್ಮ ಗೋವಾದವರು, ಬೆಳೆದಿದ್ದು ಗಿರ್‌ಗಾಂವ್ ಚಾಳ್‌ನಲ್ಲಿ, ಓದಿದ್ದು ಜೆ.ಜೆ. ಆರ್ಟ್ ಸ್ಕೂಲ್‌ನಲ್ಲಿ. ಈಗ ಅವರ ಚಿತ್ರ ಹರಾಜಿಗೆ ಬಂದ್ರೆ ಕೋಟಿ ಕೋಟಿ ಅಂತ ಪೇಪರ್‌ನಲ್ಲಿ ಬರುತ್ತೆ, ಆ ಗಲಾಟೆ ನಮಗೆ ಬೇಡ. ಚಿತ್ರದ ಮುಂದೆ ನಿಂತಾಗ ಆಗೋದನ್ನ ಹೇಳ್ತೀನಿ. ದೂರದಿಂದ ನೋಡಿದ್ರೆ ಒಂದೇ ಬಣ್ಣ, ಬೂದಿ ಬಣ್ಣವೋ ಮಾಸಲು ಹಸಿರೋ, ಎಲ್ಲೋ ಅಲ್ಲಲ್ಲಿ ಲಿಪಿ ಥರದ ಕೆಲವು ಗುರುತುಗಳು, ಓದೋಕಾಗದ ಅಕ್ಷರ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಆ 'ಒಂದೇ ಬಣ್ಣ' ಒಡೆಯೋಕೆ ಶುರು ಆಗುತ್ತೆ. ಮೇಲಿನ ಪದರ ತೆಳು ಆದ ಕಡೆ ಕೆಳಗಿಂದ ಇನ್ನೊಂದು ಬಣ್ಣ ಇಣುಕ್ತಾ ಇರುತ್ತೆ, ಕೆಲವು ಕಡೆ ಮಂಜು ಕವಿದ ಹಾಗಿದೆ, ಕೆಲವು ಕಡೆ ಹೆರೆದ ಹಾಗಿದೆ. ಅವರು ಬ್ರಷ್‌ಗಿಂತ ರೋಲರ್, ಪ್ಯಾಲೆಟ್ ನೈಫ್ ಬಳಸಿದ್ದು ಜಾಸ್ತಿ, ಬಣ್ಣ ಹಚ್ಚೋದು, ಕೆರೆದು ತೆಗೆಯೋದು, ಹರಿದ ಕಾಗದದ ಚೂರು ಒತ್ತಿ ಗುರುತು ಮೂಡಿಸೋದು, ಮತ್ತೆ ಪದರ. ಕ್ಯಾನ್‌ವಾಸ್ ಮುಂದೆ ಬಹಳ ಹೊತ್ತು ಸುಮ್ನೆ ಕೂತಿರ್ತಿದ್ರು, ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರ ಮುಗಿಸ್ತಿದ್ರು. ನಿಧಾನವಾಗಿ ಆಗಿರೋ ಚಿತ್ರ ನಿಧಾನವಾಗಿಯೇ ಕಾಣುತ್ತೆ, ಅವಸರಕ್ಕೆ ಅದು ಬಗ್ಗಲ್ಲ.

ಆ ಪದರ ನೋಡಿದ ಮೇಲೆ ಲೋಕಲ್ ಹತ್ತಿ. ಕಿಟಕಿ ಹತ್ರ ಜಾಗ ಸಿಕ್ಕಿದ್ರೆ (ಸಿಗಲ್ಲ, ಗೊತ್ತು, ಬಾಗಿಲ ಕಡೆಯಿಂದಾದ್ರೂ ಸರಿ) ಸಾಯನ್, ಕುರ್ಲಾ ಕಡೆ ಹಳಿ ಪಕ್ಕದ ಕಾಂಪೌಂಡ್ ಗೋಡೆ ನೋಡಿ, ಮಳೆಗಾಲ ಮುಗಿಯೋ ಹೊತ್ತಿಗೆ. ದಿನಾ ಅದನ್ನ ನೀವು 'ಕೊಳಕು ಗೋಡೆ' ಅಂತ ಒಂದೇ ಹೆಸರಲ್ಲಿ ಮುಗಿಸಿರ್ತೀರಿ. ಬುಡದಲ್ಲಿ ಪಾಚಿ ಕಪ್ಪು, ಅದರ ಮೇಲೆ ಕಡು ಹಸಿರು, ಮೇಲಕ್ಕೆ ಹೋದಂಗೆ ಹಳದಿಗೆ ತಿರುಗುತ್ತೆ. ಯಾವುದೋ ಕಾಲದ ಜಾಹೀರಾತಿನ ನೀಲಿ ಅಕ್ಷರದ ಮೇಲೆ ಸುಣ್ಣ, ಸುಣ್ಣದ ಮೇಲೆ ಇನ್ನೊಂದು ಜಾಹೀರಾತು, ಅದೂ ಎದ್ದು ಹೋಗಿ ಕೆಳಗಿನ ನೀಲಿ ಮತ್ತೆ ಅಲ್ಲಲ್ಲಿ ಹೊರಗೆ ಬಂದಿದೆ, ಕಬ್ಬಿಣದ ಸರಳು ಇರೋ ಕಡೆಯಿಂದ ತುಕ್ಕಿನ ಗೆರೆ ನೇರ ಕೆಳಗೆ ಇಳಿದಿದೆ. ಆಚೆ ಗುಡಿಸಲಿನ ಮಾಡಿಗೆ ಹೊದಿಸಿದ ನೀಲಿ ಟಾರ್ಪಾಲು, ಅದರ ಮೇಲೆ ಇಟ್ಟ ಟೈರು, ಇಟ್ಟಿಗೆ. ಇದನ್ನ ಚಂದ ಅನ್ನಿ ಅಂತ ನಾನು ಹೇಳ್ತಿಲ್ಲ, ಆ ಮಾಡಿನ ಕೆಳಗೆ ನೀರು ಸೋರೋ ಜಾಗದಲ್ಲಿ ಜನ ಇದ್ದಾರೆ. ಬಡತನವನ್ನ ಟೆಕ್ಸ್ಚರ್ ಮಾಡ್ಕೊಂಡು ಫೋಟೋ ಹೊಡೆಯೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಆದ್ರೆ ಒಂದು ಗಮನಿಸಿದ್ದೀನಿ, ಬಣ್ಣದ ಪದರ ನೋಡೋಕೆ ನಿಂತ ಕಣ್ಣಿಗೇ ಆ ಟೈರು ಯಾಕೆ ಅಲ್ಲಿದೆ, ಗಾಳಿಗೆ ಹಾರದ ಹಾಗೆ ಯಾರು ಮೇಲೆ ಹತ್ತಿ ಇಟ್ರು ಅನ್ನೋದೂ ಕಾಣೋದು. ಹೆಸರು ಹೇಳಿ ಮುಂದೆ ಹೋಗೋ ಕಣ್ಣಿಗೆ ಎರಡೂ ಕಾಣಲ್ಲ.

ನಸ್ರೀನ್ ಮೊಹಮದಿ ಅನ್ನೋ ಕಲಾವಿದೆ ಇದನ್ನ ಇನ್ನೊಂದು ತುದಿಯಿಂದ ಮಾಡಿದ್ರು. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು, ಆಮೇಲೆ ಬರೋಡಾದಲ್ಲಿ ಮೇಷ್ಟ್ರಾದ್ರು. ಅವರದ್ದು ಬಣ್ಣವೇ ಇಲ್ಲ, ಪೆನ್ಸಿಲ್ ಇಂಕ್‌ನಲ್ಲಿ ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಮೊದಲ ಸಲ ನೋಡಿದ್ರೆ ಎಂಜಿನಿಯರ್ ಡ್ರಾಯಿಂಗ್ ಅನ್ಸುತ್ತೆ. ಬದುಕಿದ್ದಾಗ ಅವರು ಪ್ರದರ್ಶನಕ್ಕೆ ಇಡದ ಫೋಟೋಗಳು ಇದ್ವು, 1990ರಲ್ಲಿ ಅವರು ತೀರಿಹೋದ ಮೇಲೆ ಹೊರಗೆ ಬಂದವು: ರಸ್ತೆಗೆ ಬಳಿದ ಬಿಳಿ ಪಟ್ಟೆ, ಮಗ್ಗದ ನೂಲು, ಕಲ್ಲು ಹಾಸಿನ ಅಂಗಳದ ಮೇಲೆ ಬಿದ್ದ ನೆರಳು, ಕಡಲ ದಂಡೆ. ಅಂದ್ರೆ ಆ ಗೆರೆಗಳು ಆಕಾಶದಿಂದ ಉದುರಿದ್ದಲ್ಲ, ನಾವು ತುಳಿದುಕೊಂಡು ಹೋಗೋ ನೆಲದಿಂದಲೇ ಎತ್ಕೊಂಡಿದ್ದು. ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಅಬ್‌ಸ್ಟ್ರಾಕ್ಟ್ ಪೇಂಟರ್ ಅಂತ ಯಾರೂ ಹೇಳಲ್ಲ, ಆದ್ರೂ ಉಡುಪಿ ಕಡೆಯಿಂದ ಬಂದು ಇದೇ ಮುಂಬೈಯಲ್ಲಿ ಬಾಳಿದ ಆ ಮನುಷ್ಯನ ಗೆರೆ ನೋಡಿ, ಕುಣಿಯೋ ದೇಹವನ್ನ ಕೆಲವೇ ಗೆರೆಗೆ ಇಳಿಸ್ತಾರೆ, ಮೈ ಕೈ ಎಲ್ಲಾ ಬಿಟ್ಟು ಕುಣಿತ ಮಾತ್ರ ಉಳಿಯುತ್ತೆ. ಬಿಡ್ತಾ ಹೋಗೋ ಈ ಕೆಲಸ ಎಲ್ಲಾ ಒಳ್ಳೇ ಚಿತ್ರಗಾರರೂ ಮಾಡ್ತಾರೆ, ಅಬ್‌ಸ್ಟ್ರಾಕ್ಟ್‌ನವರು ಕೊನೇ ತನಕ ಬಿಡ್ತಾರೆ, ಅಷ್ಟು ವ್ಯತ್ಯಾಸ.

ಬರ್ವೆ ವಿಷಯ ಅರ್ಧಕ್ಕೆ ಬಿಟ್ಟೆ. ಗಡಿಯಾರ, ಕ್ಲಿಪ್ಪು, ಎಲೆ, ಅಂಥ ಮನೆ ಆಫೀಸಿನ ಸಾಮಾನನ್ನೇ ತಂದು ಚಪ್ಪಟೆ ಬಣ್ಣದ ಖಾಲಿ ಜಾಗದಲ್ಲಿ ತೇಲಿ ಬಿಡ್ತಾರೆ, ಬಳಸಿದ್ದು ಬಾಗಿಲಿಗೆ ಕಿಟಕಿಗೆ ಹೊಡೆಯೋ ಥರದ ಎನಾಮಲ್ ಪೇಂಟು. ವಸ್ತು ಗುರುತು ಸಿಗುತ್ತೆ, ಆದ್ರೆ ಅದರ ಕೆಲಸ ಕಳೆದುಹೋಗಿದೆ. ಪೂರ್ತಿ ಅಬ್‌ಸ್ಟ್ರಾಕ್ಟ್ ಕಷ್ಟ ಅನ್ನೋರಿಗೆ ನಾನು ಮೊದಲು ಇವರನ್ನೇ ಹೇಳೋದು.

ಈಗ ಹೇಗೆ ನೋಡೋದು ಅಂತ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟ ಆಯ್ತು, ಜನ ಒಂದು ಚಿತ್ರದ ಮುಂದೆ ಸರಾಸರಿ 27 ಸೆಕೆಂಡ್ ನಿಲ್ತಾರೆ ಅಂತ, ಅದೂ ಯಾರೋ ಕೆಲವರು ಬಹಳ ಹೊತ್ತು ನಿಂತು ಸರಾಸರಿಯನ್ನ ಎತ್ತಿದ್ದು, ಅರ್ಧದಷ್ಟು ಸಲ 17 ಸೆಕೆಂಡ್ ಕೂಡ ಇಲ್ಲ. ಅಷ್ಟರಲ್ಲಿ ಹೆಸರು ಹುಡುಕಿ ಸೋಲೋಕೆ ಮಾತ್ರ ಟೈಮ್ ಇರುತ್ತೆ. ನೀವು ಇಡೀ ಶೋ ನೋಡ್ಬೇಡಿ. ಒಂದು ಸುತ್ತು ಹೊಡೆದು ಯಾವುದೋ ಒಂದನ್ನ ಆರಿಸಿ, ಇಷ್ಟ ಆಗದೇ ಇದ್ದಿದ್ದಾದ್ರೂ ನಡೆಯುತ್ತೆ, ಅದರ ಮುಂದೆ ಹತ್ತು ನಿಮಿಷ ಇರಿ. ಪಕ್ಕದ ಚೀಟಿ ಓದೋದು ಆಮೇಲೆ. ಮೊದಲ ಎರಡು ಮೂರು ನಿಮಿಷ ಬೋರ್ ಆಗುತ್ತೆ, ಫೋನ್ ಕಡೆ ಕೈ ಹೋಗುತ್ತೆ, ಅದನ್ನ ದಾಟಿ. ಹತ್ರ ಹೋಗಿ ಅಂಚು ನೋಡಿ, ಯಾವ ಬಣ್ಣ ಮೊದಲು ಬಿದ್ದಿದ್ದು ಯಾವುದು ಆಮೇಲೆ ಅಂತ ಕಂಡುಹಿಡೀರಿ, ದೂರ ಬನ್ನಿ, ಪಕ್ಕಕ್ಕೆ ಸರಿದು ಬೆಳಕು ಬೀಳೋ ಕೋನದಲ್ಲಿ ನೋಡಿ. ಅರ್ಥ ಹುಡುಕೋದು ಪೂರ್ತಿ ಕೈಬಿಡಿ. ಹತ್ತು ನಿಮಿಷ ಆದ್ಮೇಲೂ ಏನೂ ಆಗ್ಲಿಲ್ಲ ಅಂದ್ರೆ ಚಿತ್ರ ಕೆಟ್ಟದಿರಬಹುದು, ಸಂಕೋಚ ಬೇಡ, ಕೆಟ್ಟ ಅಬ್‌ಸ್ಟ್ರಾಕ್ಟ್ ಬೇಕಾದಷ್ಟಿದೆ. ಸೋಫಾ ಬಣ್ಣಕ್ಕೆ ಮ್ಯಾಚ್ ಆಗ್ಲಿ ಅಂತಲೇ ಮಾಡೋರಿದ್ದಾರೆ ಇಲ್ಲಿ.

ಪ್ರಿಂಟ್ ವಿಷಯಕ್ಕೆ ಬಂದ್ರೆ, ತಗೊಳ್ಳಿ, ತಪ್ಪಿಲ್ಲ, ಆದ್ರೆ ಅದರಿಂದ ನೀವು ಕೇಳ್ತಿರೋ ಕೆಲಸ ಬಹಳ ದಿನ ಆಗಲ್ಲ. ಪದರ, ಹೆರೆದ ಗುರುತು, ಬಣ್ಣದ ದಪ್ಪ, ಇದ್ಯಾವುದೂ ಪ್ರಿಂಟ್‌ನಲ್ಲಿ ಬರಲ್ಲ, ಹೊಳಪಿನ ಕಾಗದ ಒಂದೇ ಉಳಿಯೋದು. ಮತ್ತೆ ಹಾಲ್ ಗೋಡೆ ಮೇಲಿರೋ ಯಾವ ಚಿತ್ರವೇ ಆಗ್ಲಿ ಕೆಲವು ತಿಂಗಳಲ್ಲಿ ಕ್ಯಾಲೆಂಡರ್‌ಗಿಂತ ಕಡೆ ಆಗುತ್ತೆ, ಕ್ಯಾಲೆಂಡರ್‌ನ ಏಕಾದಶಿ ಯಾವತ್ತು ಅಂತಾದ್ರೂ ನೋಡ್ತೀವಿ. ಅಬ್‌ಸ್ಟ್ರಾಕ್ಟ್ ಚಿತ್ರವೂ ರೂಢಿ ಆಗುತ್ತೆ, ಕಂಪನಿ ರಿಸೆಪ್ಷನ್‌ಗಳಲ್ಲಿ ಅಷ್ಟೊಂದು ದೊಡ್ಡ ಕ್ಯಾನ್‌ವಾಸ್ ತೂಗಿರ್ತಾವಲ್ಲ, ಒಂದರ ಬಣ್ಣವಾದ್ರೂ ನೆನಪಿದೆಯಾ ನಿಮಗೆ? ಹಾಕಲೇಬೇಕು ಅಂದ್ರೆ ಆಗಾಗ ಜಾಗ ಬದಲಾಯಿಸಿ, ಇಲ್ಲಾ ಕೆಲವು ತಿಂಗಳು ಅಟ್ಟದ ಮೇಲಿಟ್ಟು ಮತ್ತೆ ತೆಗೀರಿ. ನನ್ನ ಕೇಳಿದ್ರೆ ಆ ದುಡ್ಡಲ್ಲಿ ಮಗಳಿಗೆ ಎರಡು ದಪ್ಪ ಬ್ರಷ್ಷು, ಮೂರು ಪೋಸ್ಟರ್ ಕಲರ್ ಬಾಟ್ಲಿ ಕೊಡಿಸಿ, ನೀವೂ ಜೊತೆಗೆ ಕೂತು ಒಂದೇ ಬಣ್ಣದ ಮೇಲೆ ಇನ್ನೊಂದು ಬಣ್ಣ ಎಳೆದು ನೋಡಿ, ಒಣಗೋ ಮುಂಚೆ ಎಳೆದ್ರೆ ಏನಾಗುತ್ತೆ ಒಣಗಿದ ಮೇಲೆ ಎಳೆದ್ರೆ ಏನಾಗುತ್ತೆ ಅಂತ. ಒಮ್ಮೆ ಕೈಯಿಂದ ಮಾಡಿದವರಿಗೆ ಗ್ಯಾಲರಿಯಲ್ಲಿ ಕಾಣೋದೇ ಬೇರೆ.

'ಇದೇನಮ್ಮಾ' ಅಂದ್ರೆ ಗೊತ್ತಿಲ್ಲ ಅಂತಲೇ ಹೇಳಿ, ಅದು ಸತ್ಯ ತಾನೆ. ಆಮೇಲೆ 'ನಿಂಗೆ ಮೊದಲು ಎಲ್ಲಿ ಕಣ್ಣು ಹೋಯ್ತು' ಅಂತ ವಾಪಸ್ ಕೇಳಿ, ಮಕ್ಕಳು ಇದಕ್ಕೆ ತಡವರಿಸಲ್ಲ, ಬೆರಳು ತೋರಿಸೇ ಬಿಡ್ತಾರೆ. 'ಅಲ್ಲಿಂದ ಎಲ್ಲಿಗೆ ಹೋಯ್ತು' ಅಂದ್ರೆ ಇನ್ನೊಂದು ಕಡೆ ತೋರಿಸ್ತಾರೆ. ಅದು ಆನೆ ಥರ ಇದೆ ಅಂದ್ರೂ ಬಿಡಿ, ತಿದ್ದೋಕೆ ಹೋಗ್ಬೇಡಿ, ಆನೆ ಸಿಕ್ಕಿದ ಮೇಲೆ ಸೊಂಡಿಲು ಯಾವ ಬಣ್ಣ ಅಂತ ಕೇಳಿ, ಆಗ ಮತ್ತೆ ನೋಡ್ತಾಳೆ. ಹತ್ತು ನಿಮಿಷದ ಲೆಕ್ಕ ಮಕ್ಕಳಿಗೆ ಬೇಡ, ಬೋರ್ ಆದ್ರೆ ಹೊರಗೆ ಕರ್ಕೊಂಡು ಬಂದು ಏನಾದ್ರೂ ತಿನ್ನಿಸಿ. ಜಹಾಂಗೀರ್‌ಗೆ ಟಿಕೆಟ್ ಇಲ್ಲ, ಬೆಳಿಗ್ಗೆ 11ರಿಂದ ಸಂಜೆ 7ರ ತನಕ ತೆರೆದಿರುತ್ತೆ, ನಿಮ್ಮ ಫೋರ್ಟ್ ಆಫೀಸಿಂದ ನಡ್ಕೊಂಡೇ ಹೋಗೋ ದೂರ. ಅಲ್ಲೇ ಹತ್ತಿರ ರಸ್ತೆ ದಾಟಿದ್ರೆ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್, ಅದಕ್ಕೆ ಸೋಮವಾರ ರಜೆ.